ಲಸಿಕೆ ಪಡೆದವರ ರಕ್ತದಲ್ಲಿ ಅಡಗಿರುವ ಕಾಮಾಲೆ

ಕಾಮಾಲೆಯೆಂಬ ಹೆಸರನ್ನು ಕೇಳದ ಮನೆಯು ನಮ್ಮ ನಾಡಿನಲ್ಲಿ ಇಲ್ಲವೆಂದೇ ಹೇಳಬಹುದು. ಕಣ್ಣು ಹಳದಿಯಾಯಿತೆಂದರೆ ಕಿರುನೆಲ್ಲಿಯನ್ನು ಅರೆದು ಮಜ್ಜಿಗೆಯಲ್ಲಿ ಕದಡಿ ಕುಡಿಸುವುದು, ಎಣ್ಣೆ ಒಗ್ಗರಣೆಗಳನ್ನು ಬಿಡಿಸಿ ಪಥ್ಯದಲ್ಲಿಡುವುದು, ಕೆಲವು ಸೀಮೆಗಳಲ್ಲಿ ತೋಳಿಗೆ ಬರೆ ಹಾಕಿಸುವುದು, ಇವೆಲ್ಲವೂ ಹಿರಿಯರ ಕಾಲದಿಂದ ನಡೆದುಬಂದ ಪದ್ಧತಿಗಳು. ರೋಗಿಯು ಹದಿನೈದಿಪ್ಪತ್ತು ದಿವಸಗಳಲ್ಲಿ ಎದ್ದು ಓಡಾಡಿದರೆ ಮದ್ದು ಫಲಿಸಿತೆಂದೂ, ಏಳದೆ ಹೋದರೆ ದೈವವು ಒಲಿಯಲಿಲ್ಲವೆಂದೂ ತಿಳಿಯುವುದು ವಾಡಿಕೆ. ಆದರೆ ಕಾಮಾಲೆಯೆಂಬುದು ಒಂದು ರೋಗವಲ್ಲ. ಯಕೃತ್ತು ಕೆಟ್ಟಿದೆಯೆಂಬುದನ್ನು ತಿಳಿಸುವ ಹೊರಗುರುತು ಮಾತ್ರ. ಕೆಟ್ಟ ನೀರಿನಿಂದ ಬರತಕ್ಕ ಕಾಮಾಲೆಯು ಬಹುಮಟ್ಟಿಗೆ ತಾನಾಗಿಯೇ ಬಂದು ತಾನಾಗಿಯೇ ಹೋಗುವಂಥದು. ಮನೆಮದ್ದುಗಳಿಗೆ ಬಂದಿರುವ ಕೀರ್ತಿಯಲ್ಲಿ ಬಹುಭಾಗವು ಈ ಜಾತಿಯ ಕಾಮಾಲೆಯಿಂದ ಬಂದದ್ದೆಂದರೆ ಯಾರೂ ಬೇಸರಪಡಬೇಕಾಗಿಲ್ಲ. ರಕ್ತದಿಂದ ರಕ್ತಕ್ಕೆ ಹರಡುವ ಕಾಮಾಲೆಯು ಬೇರೆ. ಅದಕ್ಕೆ ವೈದ್ಯರು ಹೆಪಟೈಟಿಸ್ ಬಿ ಎಂದು ಹೆಸರಿಟ್ಟಿದ್ದಾರೆ. ಇದು ಅನೇಕರಲ್ಲಿ ಕಣ್ಣನ್ನು ಹಳದಿ ಮಾಡುವುದೇ ಇಲ್ಲ. ಇಪ್ಪತ್ತು ಮೂವತ್ತು ವರ್ಷ ಸದ್ದಿಲ್ಲದೆ ಒಳಗಿದ್ದು, ಕಡೆಗೆ ಯಕೃತ್ತನ್ನು ಗಂಟುಗಟ್ಟಿಸಿ ಜಲೋದರವನ್ನೋ ಅರ್ಬುದವನ್ನೋ ತರುತ್ತದೆ. ೨೦೨೨ನೆಯ ಇಸವಿಯಲ್ಲಿ ಲೋಕದಲ್ಲಿ ೨೫ ಕೋಟಿಗೂ ಮೀರಿದ ಜನರು ಇದನ್ನು ಹೊತ್ತಿದ್ದರೆಂದೂ, ಅವರಲ್ಲಿ ಸುಮಾರು ೩ ಕೋಟಿ ಮಂದಿ ಭಾರತೀಯರೆಂದೂ ವಿಶ್ವ ಆರೋಗ್ಯ ಸಂಸ್ಥೆಯು ಅಂದಾಜು ಮಾಡಿದೆ.

ಈ ರೋಗಕ್ಕೆ ಲಸಿಕೆಯುಂಟು. ಅದು ಒಳ್ಳೆಯ ಲಸಿಕೆಯೆಂಬುದರಲ್ಲಿ ಸಂಶಯವಿಲ್ಲ. ರಕ್ತನಿಧಿಗಳಲ್ಲಿ ಇದಕ್ಕಾಗಿ ಪರೀಕ್ಷೆಯೂ ಉಂಟು. ಹೀಗಿರಲಾಗಿ, ಲಸಿಕೆಯನ್ನು ಪಡೆದು ಆರೋಗ್ಯವಂತರಾಗಿ ಕಾಣುವ ದಾನಿಗಳ ರಕ್ತದಲ್ಲಿ, ಪರೀಕ್ಷೆಯಲ್ಲಿ ದೋಷವೇನೂ ಕಾಣದಿದ್ದರೂ, ಈ ವಿಷಾಣುವು ಅಡಗಿರಬಲ್ಲುದೆಂಬ ಸಂಗತಿಯು ಕೆಲವು ವರ್ಷಗಳಿಂದ ಬೆಳಕಿಗೆ ಬಂದಿದೆ. ಇದನ್ನು ಕೇಳಿದ ಕೂಡಲೆ ಕೆಲವರು ಲಸಿಕೆಯೇ ಸುಳ್ಳೆನ್ನುವರು. ಇನ್ನು ಕೆಲವರು ರಕ್ತವನ್ನು ಕೊಡುವುದೂ ಬೇಡ, ಪಡೆಯುವುದೂ ಬೇಡ ಎನ್ನುವರು. ಎರಡೂ ತಪ್ಪು. ವಿಷಯವು ಸ್ವಲ್ಪ ಸೂಕ್ಷ್ಮವಾದುದರಿಂದ ಬುಡದಿಂದಲೇ ಹೇಳಬೇಕಾಗುತ್ತದೆ. ವಾಚಕರು ತಾಳ್ಮೆಯಿಂದ ಓದಬೇಕು.

ರಕ್ತದ ಮೂಲಕ ಕಾಮಾಲೆಯು ಹರಡಬಲ್ಲುದೆಂದು ಮೊದಲು ಗೊತ್ತಾದದ್ದು, ವಿಚಿತ್ರವೆಂಬಂತೆ, ಬೇರೊಂದು ಲಸಿಕೆಯಿಂದ. ಜರ್ಮನಿಯ ಬ್ರೆಮೆನ್ ಪಟ್ಟಣದಲ್ಲಿ ಹಡಗು ಕಟ್ಟುವ ಕಾರ್ಖಾನೆಯೊಂದರ ೧,೨೮೯ ಮಂದಿ ಕೆಲಸಗಾರರಿಗೆ ೧೮೮೩ರಲ್ಲಿ ಸಿಡುಬಿನ ದೇವಿ ಹಾಕಿದರು. ಆ ದೇವಿಯ ರಸವನ್ನು ಮನುಷ್ಯರ ಮೈಯಿಂದಲೇ ತೆಗೆದಿದ್ದರು. ಕೆಲವು ವಾರಗಳಿಂದ ಎಂಟು ತಿಂಗಳೊಳಗಾಗಿ ಅವರಲ್ಲಿ ೧೯೧ ಮಂದಿಗೆ ಕಾಮಾಲೆ ಬಂದಿತು. ಬೇರೆ ರಸದಿಂದ ದೇವಿ ಹಾಕಿಸಿಕೊಂಡಿದ್ದ ಅದೇ ಕಾರ್ಖಾನೆಯ ಇತರರು ನೆಟ್ಟಗಿದ್ದರು. ಲೂರ್ಮನ್ ಎಂಬ ವೈದ್ಯನು ೧೮೮೫ರಲ್ಲಿ ಇದನ್ನು ಬರೆದಿಟ್ಟನು. ಎರಡನೆಯ ಮಹಾಯುದ್ಧದಲ್ಲಿ, ೧೯೪೨ರಲ್ಲಿ, ಇದಕ್ಕಿಂತ ದೊಡ್ಡ ಅನರ್ಥ ನಡೆಯಿತು. ಅಮೆರಿಕಾದ ಸೈನಿಕರಿಗೆ ಹಳದಿ ಜ್ವರದ ಲಸಿಕೆಯನ್ನು ಕೊಟ್ಟರು. ಲಸಿಕೆಯು ಕೆಡದಿರಲೆಂದು ಅದಕ್ಕೆ ಮನುಷ್ಯರ ರಕ್ತದ ತಿಳಿಯನ್ನು ಸೇರಿಸಿದ್ದರು. ಸುಮಾರು ೫೦,೦೦೦ ಸೈನಿಕರು ಕಾಮಾಲೆಯಿಂದ ಮಲಗಿದರು. ಅದು ಹೆಪಟೈಟಿಸ್ ಬಿ ಎಂಬುದು ಖಚಿತವಾಗಬೇಕಾದರೆ ನಾಲ್ಕು ದಶಕಗಳು ಬೇಕಾದುವು. ಮುಪ್ಪಾದ ಆ ಸೈನಿಕರ ರಕ್ತವನ್ನು ಹುಡುಕಿ ಪರೀಕ್ಷಿಸಿ ೧೯೮೭ರಲ್ಲಿ ಪ್ರಕಟಿಸಿದರು. ನೀರಿನ ಕಾಮಾಲೆಗೆ ಎ ಎಂದೂ ರಕ್ತದ ಕಾಮಾಲೆಗೆ ಬಿ ಎಂದೂ ಹೆಸರಿಟ್ಟವನು ಇಂಗ್ಲೆಂಡಿನ ಮೆಕ್ಯಾಲಂ, ಅದು ೧೯೪೭ರಲ್ಲಿ.

ರೋಗಾಣುವಿನ ಜಾಡು ಸಿಕ್ಕಿದ್ದು ಅದನ್ನು ಹುಡುಕದೆ ಇದ್ದವನಿಗೆ. ಬರೂಕ್ ಬ್ಲಂಬರ್ಗ್ ಎಂಬ ಅಮೆರಿಕಾದ ವಿಜ್ಞಾನಿಯು ಬೇರೆ ಬೇರೆ ಜನಾಂಗಗಳವರ ರಕ್ತದಲ್ಲಿ ಹುಟ್ಟಿನಿಂದ ಬರುವ ವ್ಯತ್ಯಾಸಗಳೇನೆಂದು ನೋಡುತ್ತಿದ್ದನು. ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬನ ರಕ್ತದಲ್ಲಿ ಒಂದು ಹೊಸ ವಸ್ತುವು ಕಂಡಿತು. ಅದಕ್ಕೆ ಆಸ್ಟ್ರೇಲಿಯಾ ಪ್ರತಿಜನಕವೆಂದು ಹೆಸರಿಟ್ಟು ೧೯೬೫ರಲ್ಲಿ ಪ್ರಕಟಿಸಿದರು. ಎರಡು ಮೂರು ವರ್ಷಗಳಲ್ಲಿ ಅದು ರಕ್ತದ ಕಾಮಾಲೆಗೆ ಕಾರಣವಾದ ವಿಷಾಣುವಿನ ಹೊರಕವಚವೆಂದು ಗೊತ್ತಾಯಿತು. ಬ್ಲಂಬರ್ಗನಿಗೆ ೧೯೭೬ರಲ್ಲಿ ನೊಬೆಲ್ ಬಹುಮಾನ ಬಂದಿತು. ಅವನ ಹುಟ್ಟುಹಬ್ಬವಾದ ಜುಲೈ ೨೮ನ್ನು ಇಂದು ಲೋಕವೆಲ್ಲ ಹೆಪಟೈಟಿಸ್ ದಿನವಾಗಿ ಆಚರಿಸುತ್ತದೆ. ನಮ್ಮ ಕಿರುನೆಲ್ಲಿಗೂ ಈತನಿಗೂ ಒಂದು ಸಂಬಂಧವುಂಟೆಂದರೆ ಓದುಗರಿಗೆ ಆಶ್ಚರ್ಯವಾಗಬಹುದು. ಮದರಾಸಿನ ವಿದ್ವಾಂಸರು ಈತನೊಡನೆ ಕೂಡಿ ಆ ಗಿಡದ ಪುಡಿಯನ್ನು ಈ ರೋಗಿಗಳಿಗೆ ಕೊಟ್ಟು, ಗುಣ ಕಂಡಿತೆಂದು ೧೯೮೮ರಲ್ಲಿ ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ಅನಂತರ ಬೇರೆ ಕಡೆಗಳಲ್ಲಿ ನಡೆದ ಪ್ರಯೋಗಗಳಲ್ಲಿ ಆ ಗುಣವು ಕಾಣದೆ ಹೋಯಿತು. ಆದಕಾರಣ ಇಂದಿನ ವೈದ್ಯರು ಈ ರೋಗಕ್ಕೆ ಕಿರುನೆಲ್ಲಿಯನ್ನು ನೆಚ್ಚುವುದಿಲ್ಲ.

ಈಗ ವಿಷಯದ ಗಂಟು ಇರುವ ಕಡೆಗೆ ಬರೋಣ. ಈ ವಿಷಾಣುವಿನ ಒಳಗೆ ಅದರ ಬೀಜವಾದ ಡಿಎನ್‌ಎ, ಅದರ ಸುತ್ತ ಒಂದು ತಿರುಳಿನ ಚಿಪ್ಪು, ಅದರ ಮೇಲೆ ಹೊರಕವಚ, ಹೀಗೆ ಮೂರು ಪದರಗಳು. ವಿಷಾಣುವು ಯಕೃತ್ತಿನ ಜೀವಕೋಶದೊಳಗೆ ಹೊಕ್ಕು ತನ್ನಂಥವುಗಳನ್ನು ಮಾಡುವಾಗ, ಬೇಕಾದುದಕ್ಕಿಂತ ಸಾವಿರಪಾಲು ಹೆಚ್ಚಾಗಿ ಹೊರಕವಚವನ್ನು ತಯಾರಿಸಿ ರಕ್ತಕ್ಕೆ ಚೆಲ್ಲುತ್ತದೆ. ಧಾನ್ಯವಿಲ್ಲದ ಬರಿಯ ಹೊಟ್ಟಿನಂತೆ ಈ ಖಾಲಿ ಕವಚಗಳು ರಕ್ತದಲ್ಲಿ ತೇಲುತ್ತಿರುತ್ತವೆ. ರಕ್ತನಿಧಿಯಲ್ಲಿ ನಡೆಯುವ ಸಾಮಾನ್ಯ ಪರೀಕ್ಷೆಯು ಹುಡುಕುವುದು ಈ ಹೊಟ್ಟನ್ನೇ. ಹೊಟ್ಟು ಕಂಡರೆ ಕಾಳೂ ಉಂಟೆಂಬುದು ಆ ಪರೀಕ್ಷೆಯ ನ್ಯಾಯ.

ಲಸಿಕೆಯೂ ಇದೇ ಹೊರಕವಚದಿಂದಲೇ ಆದದ್ದು. ೧೯೮೧ರಲ್ಲಿ ಅಮೆರಿಕಾದಲ್ಲಿ ಒಪ್ಪಿಗೆ ಪಡೆದ ಮೊದಲನೆಯ ಲಸಿಕೆಗೆ ರೋಗವನ್ನು ಹೊತ್ತವರ ರಕ್ತದಿಂದಲೇ ಕವಚವನ್ನು ಸೋಸಿ, ವಿಷಾಣುವನ್ನು ಕೊಂದು ಬಳಸುತ್ತಿದ್ದರು. ೧೯೮೬ರಿಂದೀಚೆಗೆ ಕವಚವನ್ನು ಮಾಡುವ ವಿದ್ಯೆಯನ್ನು ಹುದುಗಿನ ಕಣಕ್ಕೆ, ಎಂದರೆ ರೊಟ್ಟಿಯನ್ನು ಉಬ್ಬಿಸುವ ಯೀಸ್ಟಿಗೆ, ಕಲಿಸಿ ಅದರಿಂದ ಪಡೆಯುತ್ತಾರೆ. ಇದರಲ್ಲಿ ವಿಷಾಣುವೂ ಇಲ್ಲ, ಮನುಷ್ಯನ ರಕ್ತವೂ ಇಲ್ಲ. ಆದಕಾರಣ ಈ ಲಸಿಕೆಯಿಂದ ರೋಗವು ಬರುವ ಸಂಭವವೇ ಇಲ್ಲ. ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ಎಂಬ ಸಂಸ್ಥೆಯು ೧೯೯೭ರಲ್ಲಿ ಈ ಬಗೆಯ ಲಸಿಕೆಯನ್ನು ನಮ್ಮ ದೇಶದಲ್ಲೇ ತಯಾರಿಸಿದ ಮೇಲೆ ಬೆಲೆಯು ಬಹಳ ಇಳಿದು, ಸಾಮಾನ್ಯರ ಮಕ್ಕಳಿಗೂ ಎಟಕುವಂತಾಯಿತು.

ಲಸಿಕೆ ಪಡೆದ ಶರೀರವು ಆ ಕವಚವನ್ನು ಗುರುತು ಹಿಡಿದು ನಾಶಮಾಡತಕ್ಕ ಪ್ರತಿಕಾಯಗಳನ್ನು ಮಾಡಿಟ್ಟುಕೊಳ್ಳುತ್ತದೆ. ಮುಂದೆ ವಿಷಾಣುವು ಬಂದರೆ ಇವು ಅದನ್ನು ಹಿಡಿಯುತ್ತವೆ. ಇಲ್ಲಿಯೇ ನೋಡಿ ಸೂಕ್ಷ್ಮ: ಲಸಿಕೆಯು ಯಾವುದನ್ನು ನುಂಗಿಹಾಕೆಂದು ಶರೀರಕ್ಕೆ ಕಲಿಸಿದೆಯೋ ಪರೀಕ್ಷೆಯು ಹುಡುಕುವುದೂ ಅದನ್ನೇ. ಲಸಿಕೆ ಪಡೆದವನೊಳಗೆ ಹೇಗೋ ಸ್ವಲ್ಪ ವಿಷಾಣುವು ನೆಲೆಸಿತೆಂದು ಇಟ್ಟುಕೊಳ್ಳೋಣ. ಅದು ಚೆಲ್ಲುವ ಅಲ್ಪಸ್ವಲ್ಪ ಹೊಟ್ಟನ್ನು ಪ್ರತಿಕಾಯಗಳು ಆಗಿಂದಾಗಲೇ ಗುಡಿಸಿಬಿಡುತ್ತವೆ. ಪರೀಕ್ಷಕನಿಗೆ ಹೊಟ್ಟು ಸಿಕ್ಕುವುದಿಲ್ಲ. ರಕ್ತವು ಶುದ್ಧವೆಂದು ಚೀಟಿ ಬೀಳುತ್ತದೆ. ಕಾಳು ಮಾತ್ರ ಯಕೃತ್ತಿನ ಜೀವಕೋಶದ ನಡುಬೀಜದಲ್ಲಿ ಬಳೆಯಂತೆ ಸುತ್ತಿಕೊಂಡು ಕುಳಿತು, ಆಗಾಗ್ಗೆ ಒಂದೆರಡು ಮರಿಗಳನ್ನು ರಕ್ತಕ್ಕೆ ಬಿಡುತ್ತಿರುತ್ತದೆ. ಕವಚವು ಕಾಣದೆ ಡಿಎನ್‌ಎ ಮಾತ್ರ ಇರತಕ್ಕ ಈ ಸ್ಥಿತಿಗೆ ಅಡಗಿದ ಸೋಂಕು ಎಂದು ಹೆಸರು. ಇಟಲಿಯ ತಾವೊರ್ಮೀನಾ ಪಟ್ಟಣದಲ್ಲಿ ಸೇರಿದ್ದ ತಜ್ಞರು ಇದರ ಲಕ್ಷಣವನ್ನು ಗೊತ್ತುಮಾಡಿ ೨೦೦೮ರಲ್ಲಿ ಪ್ರಕಟಿಸಿದರು. ಲಸಿಕೆ ಪಡೆಯದೆ, ಹಿಂದೆಂದೋ ರೋಗ ಬಂದು ವಾಸಿಯಾದವರಲ್ಲಿಯೂ ಇಂಥ ಸ್ಥಿತಿಯುಂಟು. ಸಂಖ್ಯೆಯಲ್ಲಿ ಅವರೇ ಹೆಚ್ಚು.

ಲಸಿಕೆ ಪಡೆದ ದಾನಿಗಳಲ್ಲಿ ಇದು ಹೇಗೆ ಕಂಡಿತೆಂಬುದಕ್ಕೆ ಅಮೆರಿಕಾದ ರೆಡ್ ಕ್ರಾಸ್ ಸಂಸ್ಥೆಯ ಸಂಶೋಧನೆಯೊಂದು ಒಳ್ಳೆಯ ನಿದರ್ಶನ. ಸೂಸನ್ ಸ್ಟ್ರೇಮರ್ ಮೊದಲಾದವರು ಇದನ್ನು ೨೦೧೧ರ ಜನವರಿಯಲ್ಲಿ ನ್ಯೂ ಇಂಗ್ಲೆಂಡ್ ವೈದ್ಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಸುಮಾರು ೩೭ ಲಕ್ಷ ರಕ್ತದಾನಗಳನ್ನು ಅವರು ಹಳೆಯ ಪರೀಕ್ಷೆಗಳಿಗೆ ಒಳಪಡಿಸಿದ್ದಲ್ಲದೆ, ವಿಷಾಣುವಿನ ಡಿಎನ್‌ಎಯನ್ನೇ ಹುಡುಕುವ ನ್ಯಾಟ್ ಎಂಬ ಪರೀಕ್ಷೆಗೂ ಒಳಪಡಿಸಿದರು. ಹಳೆಯ ಪರೀಕ್ಷೆಗಳೆಲ್ಲವೂ ಶುದ್ಧವೆಂದಿದ್ದ ರಕ್ತಗಳಲ್ಲಿ ಒಂಬತ್ತು ದಾನಿಗಳ ರಕ್ತವು ನ್ಯಾಟಿಗೆ ಸಿಕ್ಕಿಬಿದ್ದಿತು. ಎಂದರೆ ಸುಮಾರು ನಾಲ್ಕು ಲಕ್ಷ ದಾನಗಳಿಗೆ ಒಂದು. ಆ ಒಂಬತ್ತು ಮಂದಿಯಲ್ಲಿ ಆರು ಮಂದಿ ಲಸಿಕೆ ಪಡೆದವರು!

ಈ ಆರು ಮಂದಿಯ ವೃತ್ತಾಂತವನ್ನು ಮುಂದೆ ನೋಡಿದವರಿಗೆ ಲಸಿಕೆಯ ಮೇಲೆ ಕೋಪ ಬರುವುದಕ್ಕೆ ಬದಲಾಗಿ ಗೌರವವೇ ಬರುತ್ತದೆ. ಅವರಲ್ಲಿ ಒಬ್ಬರಿಗೂ ಕಾಯಿಲೆ ಬರಲಿಲ್ಲ. ಸೋಂಕು ತೋರಿ, ಯಾವ ತೊಂದರೆಯನ್ನೂ ಕೊಡದೆ ಅಳಿದುಹೋಯಿತು. ಲಸಿಕೆ ಪಡೆಯದಿದ್ದ ಮೂವರಲ್ಲಿ ಇಬ್ಬರಿಗೆ ಯಕೃತ್ತಿಗೆ ಗಣನೀಯವಾದ ಘಾತವಾಯಿತು. ಇಷ್ಟು ಸಣ್ಣ ಸಂಖ್ಯೆಗಳಿಂದ ದೊಡ್ಡ ಸಿದ್ಧಾಂತವನ್ನು ಕಟ್ಟಲಾಗದು, ನಿಜ. ಆದರೂ ಲಸಿಕೆಯು ಮಾಡುವ ಕೆಲಸವೇನು, ಮಾಡದ ಕೆಲಸವೇನು ಎಂಬುದು ಇಲ್ಲಿ ಚೆನ್ನಾಗಿ ತೋರುತ್ತದೆ. ಮನೆಗೆ ಕಳ್ಳನು ಹೊಗದಂತೆ ತಡೆಯುವುದಕ್ಕಿಂತ ಹೆಚ್ಚಾಗಿ, ಹೊಕ್ಕ ಕಳ್ಳನು ಏನನ್ನೂ ಹೊತ್ತೊಯ್ಯದಂತೆ ಅದು ನೋಡಿಕೊಳ್ಳುತ್ತದೆ. ಕಷ್ಟವೇನೆಂದರೆ, ಆ ಕಳ್ಳನು ಮನೆಯೊಳಗೆ ಸುಳಿದಾಡುತ್ತಿರುವ ಕೆಲವು ವಾರಗಳಲ್ಲಿಯೇ ಯಜಮಾನನು ರಕ್ತವನ್ನು ದಾನಮಾಡಿದರೆ, ಅದು ಹೋಗಿ ಸೇರುವುದು ರಕ್ಷಣೆಯಿಲ್ಲದ ಮತ್ತೊಬ್ಬರ ಮೈಯನ್ನು.

ಅದೇ ಸಂಶೋಧನೆಯಿಂದ ಇನ್ನೆರಡು ಸಂಗತಿಗಳು ಹೊರಬಿದ್ದುವು. ಒಂಬತ್ತರಲ್ಲಿ ನಾಲ್ಕು ದಾನಿಗಳಿಗೆ ಸೋಂಕು ಬಂದದ್ದು ಬಹುಶಃ ರೋಗವನ್ನು ಹೊತ್ತಿದ್ದ ಅವರ ಸಂಗಾತಿಯಿಂದ. ಇದು ಒಂದು. ಎರಡನೆಯದು ವಿಷಾಣುವಿನ ಕುಲಕ್ಕೆ ಸೇರಿದ್ದು. ಹೆಪಟೈಟಿಸ್ ಬಿ ವಿಷಾಣುವಿನಲ್ಲಿ ಎ, ಬಿ, ಸಿ, ಡಿ ಎಂದು ಮುಂತಾಗಿ ಹಲವು ಕುಲಗಳುಂಟು. ಸಾಮಾನ್ಯವಾಗಿ ಬಳಕೆಯಲ್ಲಿರುವ ಲಸಿಕೆಗಳ ಕವಚವು ಎ ಕುಲದ ಎರಡನೆಯ ಶಾಖೆಯದು. ಯೂರೋಪು ಅಮೆರಿಕಾಗಳಲ್ಲಿ ಹೆಚ್ಚಾಗಿರುವುದೂ ಅದೇ. ಲಸಿಕೆ ಪಡೆದಿದ್ದ ಆರು ಮಂದಿಯಲ್ಲಿ ಐವರಿಗೆ ತಗುಲಿದ್ದ ವಿಷಾಣುವು ಎ ಕುಲದ್ದಲ್ಲ, ಬೇರೆಯದು. ಲಸಿಕೆಯು ಎಲ್ಲ ಕುಲಗಳ ಮೇಲೆಯೂ ಕೆಲಸ ಮಾಡುತ್ತದೆಯಾದರೂ, ತನ್ನ ಕುಲವಲ್ಲದವುಗಳ ಮೇಲೆ ಹಿಡಿತವು ಕೊಂಚ ಸಡಿಲವೋ ಏನೋ ಎಂಬ ಪ್ರಶ್ನೆಯು ಇದರಿಂದ ಎದ್ದಿತು. ಭಾರತದಲ್ಲಿ ಡಿ ಕುಲದ ವಿಷಾಣುವೇ ಬಹಳವಾದ್ದರಿಂದ ಈ ಪ್ರಶ್ನೆಯು ನಮಗೆ ದೂರದ್ದಲ್ಲ.

ದೊಡ್ಡವರಾದ ಮೇಲೆ ತಗುಲುವ ಸೋಂಕಿನ ಮಾತು ಇದಾಯಿತು. ಏಷ್ಯಾ ಖಂಡದಲ್ಲಿ ಮತ್ತೊಂದು ದಾರಿಯುಂಟು. ಅದು ತಾಯಿಯ ಒಡಲಿನದು. ರೋಗವನ್ನು ಹೊತ್ತ ತಾಯಿಯಿಂದ ಹೆರಿಗೆಯ ಕಾಲದಲ್ಲಿ ಕೂಸಿಗೆ ವಿಷಾಣುವು ದಾಟುತ್ತದೆ. ದೊಡ್ಡವರಿಗೆ ತಗುಲಿದರೆ ನೂರರಲ್ಲಿ ತೊಂಬತ್ತೈದಕ್ಕೂ ಮೇಲ್ಪಟ್ಟು ವಾಸಿಯಾಗುತ್ತದೆ. ಹಸುಗೂಸಿಗೆ ತಗುಲಿದರೆ ನೂರರಲ್ಲಿ ಸುಮಾರು ತೊಂಬತ್ತು ಮಂದಿಗೆ ಜನ್ಮಾವಧಿ ನಿಲ್ಲುತ್ತದೆ. ಈ ಕ್ರೂರವಾದ ಲೆಕ್ಕವನ್ನು ತಿರುಗಿಸಬೇಕೆಂದೇ ತೈವಾನ್ ದ್ವೀಪದವರು ೧೯೮೪ರಲ್ಲಿ ರೋಗವುಳ್ಳ ತಾಯಂದಿರ ಕೂಸುಗಳಿಗೂ, ೧೯೮೬ರಿಂದ ಎಲ್ಲ ಕೂಸುಗಳಿಗೂ ಲಸಿಕೆ ಹಾಕತೊಡಗಿದರು. ಅಲ್ಲಿಯ ಮಕ್ಕಳಲ್ಲಿ ಹತ್ತಕ್ಕೆ ಒಬ್ಬರಂತೆ ಇದ್ದ ಈ ಸೋಂಕು ನೂರಕ್ಕೆ ಒಬ್ಬರಿಗಿಂತಲೂ ಕೆಳಕ್ಕೆ ಇಳಿಯಿತು. ಮಕ್ಕಳ ಯಕೃತ್ತಿನ ಅರ್ಬುದವೂ ಇಳಿಯಿತೆಂದು ೧೯೯೭ರಲ್ಲಿ ಪ್ರಕಟವಾಯಿತು. ಲಸಿಕೆಯೊಂದರಿಂದ ಅರ್ಬುದವು ಕಡಮೆಯಾದದ್ದು ಅದೇ ಮೊದಲು.

ಹಾಗಾದರೂ ಲಸಿಕೆಯು ಬಿದ್ದಾಗ ಕೆಲವು ಕೂಸುಗಳಲ್ಲಿ ವಿಷಾಣುವು ಆಗಲೇ ಕಾಲಿಟ್ಟಿರುತ್ತದೆ. ಲಸಿಕೆಯು ಅದನ್ನು ಅದುಮಿಡುತ್ತದೆಯೇ ಹೊರತು ಯಕೃತ್ತಿನ ಆಳದಿಂದ ಕಿತ್ತುಹಾಕಲಾರದು. ಇಂಥ ಕೂಸು ಬೆಳೆದು ದೊಡ್ಡದಾಗಿ, ತಾನು ಲಸಿಕೆ ಪಡೆದವನೆಂಬ ಧೈರ್ಯದಿಂದ, ಒಳ್ಳೆಯ ಮನಸ್ಸಿನಿಂದಲೇ ರಕ್ತವನ್ನು ಕೊಡಲು ಬರುತ್ತಾನೆ. ತೈವಾನಿನಲ್ಲಿಯೂ ಚೀನಾದಲ್ಲಿಯೂ ಲಸಿಕೆಯ ಪೀಳಿಗೆಯ ತರುಣ ದಾನಿಗಳಲ್ಲಿ ಅಡಗಿದ ಸೋಂಕು ಕಂಡುಬಂದಿದೆ. ಮತ್ತೂ ಒಂದು ಸೂಕ್ಷ್ಮವಿದೆ. ಲಸಿಕೆಯ ಒತ್ತಡದಿಂದ ತಪ್ಪಿಸಿಕೊಳ್ಳಲು ವಿಷಾಣುವು ಕೆಲವೊಮ್ಮೆ ತನ್ನ ಕವಚದ ರೂಪವನ್ನೇ ಬದಲಾಯಿಸಿಕೊಳ್ಳುತ್ತದೆ. ಇಟಲಿಯಲ್ಲಿ ಲಸಿಕೆ ಪಡೆದರೂ ಸೋಂಕಿಗೆ ಒಳಗಾಗಿದ್ದ ಮಗುವೊಂದರಲ್ಲಿ ಇಂಥ ವಿಷಾಣುವನ್ನು ಕಂಡು ೧೯೯೦ರಲ್ಲಿ ವರದಿ ಮಾಡಿದರು. ಕವಚದ ನೂರನಲವತ್ತೈದನೆಯ ಸ್ಥಾನದಲ್ಲಿ ಗ್ಲೈಸಿನ್ ಎಂಬ ಒಂದು ಕಣಕ್ಕೆ ಬದಲಾಗಿ ಆರ್ಜಿನಿನ್ ಎಂಬ ಮತ್ತೊಂದು ಬಂದಿತ್ತು; ಅಷ್ಟೇ ಬದಲಾವಣೆ. ಅಷ್ಟರಿಂದಲೇ ಪ್ರತಿಕಾಯಗಳಿಗೆ ಅದರ ಗುರುತು ಸಿಕ್ಕುವುದು ಕಷ್ಟವಾಯಿತು. ಕವಚವನ್ನೇ ನಂಬಿದ ಕೆಲವು ಪರೀಕ್ಷೆಗಳ ಕಣ್ಣಿಗೂ ಅದು ಮಣ್ಣೆರಚಬಲ್ಲುದು.

ಇಷ್ಟು ಅಲ್ಪವಾದ ವಿಷಾಣುವಿನಿಂದ ರಕ್ತ ಪಡೆದವನಿಗೆ ನಿಜವಾಗಿಯೂ ರೋಗ ಬರುವುದೇ ಎಂದು ಕೇಳಬಹುದು. ಪ್ರಶ್ನೆಯು ಯುಕ್ತವಾದುದೇ. ದಾನಿಯ ರಕ್ತದಲ್ಲಿ ಪ್ರತಿಕಾಯಗಳೂ ಇದ್ದರೆ, ಅವು ವಿಷಾಣುವನ್ನು ಕಟ್ಟಿಹಾಕಿ ಅಪಾಯವನ್ನು ಬಹಳ ತಗ್ಗಿಸುತ್ತವೆ. ಲಸಿಕೆ ಪಡೆದ ದಾನಿಯ ವಿಷಯದಲ್ಲಿ ಇದೊಂದು ಸಮಾಧಾನ. ಕೆಂಪು ಕಣಗಳ ಚೀಲದಲ್ಲಿ ರಕ್ತದ ತಿಳಿಯು ಕಡಮೆಯಿರುವುದರಿಂದ ಅಪಾಯವೂ ಕಡಮೆ. ತಿಳಿಯನ್ನೇ ಕೊಡುವಾಗ ಹೆಚ್ಚು. ಆದರೆ ೨೦೧೯ರಲ್ಲಿ ಯೂರೋಪಿನಿಂದ ಬಂದ ಒಂದು ವರದಿಯು ತಜ್ಞರನ್ನು ಎಚ್ಚರಿಸಿತು. ಅಡಗಿದ ಸೋಂಕಿದ್ದ ಕೆಲವು ದಾನಿಗಳು ಪದೇಪದೇ ಕೊಟ್ಟಿದ್ದ, ನ್ಯಾಟ್ ಪರೀಕ್ಷೆಯಲ್ಲಿಯೂ ಶುದ್ಧವೆನಿಸಿದ್ದ ರಕ್ತದಿಂದ ಹಲವರಿಗೆ ರೋಗವು ಹರಡಿತ್ತು. ಲೆಕ್ಕ ಹಾಕಿ ನೋಡಿದಾಗ ಸುಮಾರು ಹದಿನಾರು ವಿಷಾಣುಗಳು ಮೈಯೊಳಗೆ ಹೋದರೂ ಸಾಕು, ಸೋಂಕು ಹತ್ತಬಹುದೆಂದು ತೋರಿತು. ಒಂದು ಚೀಲ ರಕ್ತದಲ್ಲಿ ಹದಿನಾರು! ಮೇಲಾಗಿ ರಕ್ತವನ್ನು ಪಡೆಯುವವರು ಯಾರು? ಹೆರಿಗೆಯಲ್ಲಿ ಸೊರಗಿದ ಬಾಣಂತಿ, ಅರ್ಬುದದ ಚಿಕಿತ್ಸೆಯಿಂದ ರೋಗನಿರೋಧ ಶಕ್ತಿಯೇ ಬತ್ತಿಹೋದವನು, ಎರಡು ಮೂರು ವಾರಗಳಿಗೊಮ್ಮೆ ರಕ್ತವಿಲ್ಲದೆ ಬದುಕಲಾರದ ಥಲಸೀಮಿಯಾ ರೋಗದ ಮಗು. ಆ ಮಗುವು ಹತ್ತು ವರ್ಷದವನಾಗುವ ಹೊತ್ತಿಗೆ ನೂರಾರು ದಾನಿಗಳ ರಕ್ತವು ಅವನೊಳಗೆ ಹರಿದಿರುತ್ತದೆ. ನಾಲ್ಕು ಲಕ್ಷಕ್ಕೊಂದೆಂಬ ಲೆಕ್ಕವು ಅಮೆರಿಕಾದ್ದು. ರೋಗವನ್ನು ಹೊತ್ತವರು ಎಷ್ಟೋ ಪಾಲು ಹೆಚ್ಚಾಗಿರುವ ನಮ್ಮ ದೇಶದಲ್ಲಿ ಅದು ಅಷ್ಟಕ್ಕೇ ನಿಲ್ಲುವುದೆಂದು ನಂಬುವಂತಿಲ್ಲ.

ಇದಕ್ಕೆ ಉಪಾಯವೇನೆಂದರೆ, ಕವಚವನ್ನಲ್ಲದೆ ಬೇರೆ ಗುರುತುಗಳನ್ನೂ ನೋಡುವುದು. ತಿರುಳಿನ ಚಿಪ್ಪಿಗೆ ಎದುರಾಗಿ ಶರೀರವು ಮಾಡುವ ಪ್ರತಿಕಾಯವು ಅವುಗಳಲ್ಲೊಂದು. ಲಸಿಕೆಯಲ್ಲಿ ತಿರುಳು ಇಲ್ಲದಿರುವುದರಿಂದ ಈ ಪ್ರತಿಕಾಯವು ಕಂಡರೆ ನಿಜವಾದ ವಿಷಾಣುವೇ ಒಮ್ಮೆ ಬಂದು ಹೋಗಿದೆಯೆಂದು ಅರ್ಥ. ಅಮೆರಿಕಾದವರು ೧೯೮೦ರ ದಶಕದಲ್ಲಿಯೂ, ಜಪಾನಿನವರು ೧೯೮೯ರಲ್ಲಿಯೂ ಈ ಪರೀಕ್ಷೆಯನ್ನು ತಂದರು. ಇಂಗ್ಲೆಂಡು ೨೦೨೨ರಲ್ಲಿ ತಂದಿತು. ಆದರೆ ಹೊಸದಾಗಿ ಸೋಂಕಿದವರಲ್ಲಿ ಇದು ಇನ್ನೂ ಹುಟ್ಟಿರುವುದಿಲ್ಲ. ಅಮೆರಿಕಾದ ಆ ಒಂಬತ್ತು ದಾನಿಗಳೂ ಈ ಪರೀಕ್ಷೆಯಲ್ಲಿ ತೇರ್ಗಡೆಯಾದವರೇ. ಡಿಎನ್‌ಎಯನ್ನು ಹುಡುಕುವ ನ್ಯಾಟ್ ಇನ್ನೊಂದು. ಜಪಾನಿನವರು ೧೯೯೯ರಲ್ಲಿ ಐನೂರು ದಾನಿಗಳ ರಕ್ತವನ್ನು ಒಟ್ಟುಗೂಡಿಸಿ ಇದನ್ನು ಆರಂಭಿಸಿ, ಬರಬರುತ್ತ ಒಟ್ಟುಗೂಡಿಸುವ ಸಂಖ್ಯೆಯನ್ನು ಇಳಿಸಿ, ೨೦೧೪ರಿಂದ ಪ್ರತಿಯೊಬ್ಬ ದಾನಿಯ ರಕ್ತವನ್ನೂ ಬೇರೆ ಬೇರೆಯಾಗಿ ನೋಡತೊಡಗಿದರು. ಹತ್ತು ಮನೆಗಳ ಹಾಲನ್ನು ಕೂಡಿಸಿದ ಮೇಲೆ ಒಂದು ಮನೆಯ ನೀರನ್ನು ಪತ್ತೆಮಾಡುವುದು ಹೇಗೆ ಕಷ್ಟವೋ ಹಾಗೆಯೇ, ಒಟ್ಟುಗೂಡಿಸಿದ ರಕ್ತದಲ್ಲಿ ಅಲ್ಪವಾದ ಡಿಎನ್‌ಎಯು ತಪ್ಪಿಸಿಕೊಳ್ಳುತ್ತದೆ.

ನಮ್ಮ ದೇಶದಲ್ಲಿ ಪ್ರತಿಯೊಂದು ಚೀಲ ರಕ್ತವನ್ನೂ ಏಡ್ಸ್, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಉಪದಂಶ, ಮಲೇರಿಯ ಈ ಐದಕ್ಕೂ ಪರೀಕ್ಷಿಸಬೇಕೆಂಬ ಕಾನೂನಿದೆ. ಹೆಪಟೈಟಿಸ್ ಬಿಗಾಗಿ ನೋಡಬೇಕಾದುದು ಕವಚವನ್ನೇ. ನ್ಯಾಟ್ ಪರೀಕ್ಷೆಯು ದೊಡ್ಡ ಊರುಗಳ ಕೆಲವು ರಕ್ತನಿಧಿಗಳಲ್ಲಿ ನಡೆಯುತ್ತಿದೆಯೇ ಹೊರತು ಎಲ್ಲ ಕಡೆಗಳಲ್ಲಿಯೂ ಇಲ್ಲ. ಅದಕ್ಕೆ ಯಂತ್ರ ಬೇಕು, ನುರಿತ ಜನ ಬೇಕು, ಹಣವೂ ಬೇಕು. ತಿರುಳಿನ ಪ್ರತಿಕಾಯದ ಪರೀಕ್ಷೆಯನ್ನು ಕಡ್ಡಾಯ ಮಾಡಿದರೆ ಹಿಂದೆಂದೋ ಸೋಂಕು ಬಂದು ಪೂರ್ತಿ ಗುಣವಾದ ಬಹಳ ಮಂದಿ ನಿರಪಾಯವಾದ ದಾನಿಗಳನ್ನೂ ಹಿಂದಕ್ಕೆ ಕಳುಹಿಸಬೇಕಾಗುವುದು. ಮೊದಲೇ ರಕ್ತಕ್ಕೆ ಬರವಿರುವ ಊರುಗಳಲ್ಲಿ ಅದರಿಂದಾಗುವ ಹಾನಿಯು ಸಣ್ಣದಲ್ಲ. ಇದು ಹಗುರವಾಗಿ ತೀರ್ಮಾನಿಸಬಹುದಾದ ವಿಷಯವಲ್ಲವೆಂದು ಒಪ್ಪಿಕೊಂಡರೂ, ನ್ಯಾಟ್ ಪರೀಕ್ಷೆಯನ್ನು ಜಿಲ್ಲೆಗೊಂದು ಕೇಂದ್ರದಲ್ಲಾದರೂ ಏರ್ಪಡಿಸಿ ಸುತ್ತಲ ರಕ್ತನಿಧಿಗಳ ಮಾದರಿಗಳನ್ನು ಅಲ್ಲಿಗೆ ತರಿಸಿಕೊಳ್ಳುವುದು ಅಸಾಧ್ಯವೆಂದು ನಮಗೆ ತೋರುವುದಿಲ್ಲ.

ಇದಕ್ಕೆ ಈಗ ಅವಸರವೇನು ಎಂದರೆ, ಲೆಕ್ಕವು ಬಹಳ ಸರಳವಾಗಿದೆ. ಸರ್ಕಾರವು ಹೆಪಟೈಟಿಸ್ ಬಿ ಲಸಿಕೆಯನ್ನು ೨೦೦೨ರಲ್ಲಿ ಕೆಲವು ಊರು ಜಿಲ್ಲೆಗಳಲ್ಲಿ ಪ್ರಯೋಗಾರ್ಥವಾಗಿ ಆರಂಭಿಸಿ, ೨೦೦೭-೦೮ರಲ್ಲಿ ಹತ್ತು ರಾಜ್ಯಗಳಿಗೂ, ೨೦೧೧ರಿಂದ ದೇಶಕ್ಕೆಲ್ಲ ವಿಸ್ತರಿಸಿತು. ರಕ್ತವನ್ನು ಕೊಡುವುದಕ್ಕೆ ನಮ್ಮಲ್ಲಿ ಹದಿನೆಂಟು ವರ್ಷ ತುಂಬಿರಬೇಕು. ಆ ಹತ್ತು ರಾಜ್ಯಗಳಲ್ಲಿ ಮೊದಲು ಲಸಿಕೆ ಪಡೆದ ಕೂಸುಗಳಿಗೆ ಹದಿನೆಂಟು ತುಂಬುವುದು ೨೦೨೫-೨೬ರ ಸುಮಾರಿಗೆ. ೨೦೧೧ರಲ್ಲಿ ಹುಟ್ಟಿದವರಿಗೆ ೨೦೨೯ರಲ್ಲಿ. ತೈವಾನೂ ಚೀನಾವೂ ಕಂಡದ್ದನ್ನು ನಾವು ಕಾಣುವ ಕಾಲ ಬಂದಿದೆಯೆಂದಾಯಿತು. ಈ ಪೀಳಿಗೆಯ ರಕ್ತವು ಒಟ್ಟಿನಲ್ಲಿ ಹಿಂದಿನವರ ರಕ್ತಕ್ಕಿಂತ ಎಷ್ಟೋ ಮೇಲು. ರೋಗವನ್ನು ಹೊತ್ತವರು ಇವರಲ್ಲಿ ಬಹಳ ಕಡಮೆಯಿರುವರು. ಆದರೆ ಉಳಿದಿರುವ ಅಲ್ಪ ಸೋಂಕು ಹಳೆಯ ಪರೀಕ್ಷೆಯ ಕಣ್ಣಿಗೆ ಬೀಳದ ಜಾತಿಯದಾಗಿರುವ ಸಂಭವವೇ ಹೆಚ್ಚು.

ಗೃಹಸ್ಥರು ತಮ್ಮ ಕೈಲಾದಮಟ್ಟಿಗೆ ನೋಡಿಕೊಳ್ಳಬೇಕಾದ ಕೆಲವು ಸಂಗತಿಗಳನ್ನು ಹೇಳುವುದು ಉಚಿತ. ಗರ್ಭಿಣಿಯ ರಕ್ತವನ್ನು ಈ ರೋಗಕ್ಕಾಗಿ ತಪ್ಪದೆ ಪರೀಕ್ಷಿಸಬೇಕು. ರೋಗವಿದ್ದರೆ ಕಡೆಯ ತಿಂಗಳುಗಳಲ್ಲಿ ತಾಯಿಗೆ ಕೊಡತಕ್ಕ ಔಷಧವುಂಟು. ಕೂಸು ಹುಟ್ಟಿದ ಕೂಡಲೆ ಲಸಿಕೆಯೊಡನೆ ಸಿದ್ಧ ಪ್ರತಿಕಾಯದ ಚುಚ್ಚುಮದ್ದನ್ನೂ ಹಾಕುತ್ತಾರೆ. ತಾಯಿಗೆ ರೋಗವಿಲ್ಲದಿದ್ದರೂ ಮೊದಲ ಲಸಿಕೆಯು ಹುಟ್ಟಿದ ಇಪ್ಪತ್ತನಾಲ್ಕು ಗಂಟೆಯೊಳಗೆ ಬೀಳಬೇಕು. ಆಮೇಲೆ ಆರು, ಹತ್ತು, ಹದಿನಾಲ್ಕನೆಯ ವಾರಗಳಲ್ಲಿ ಉಳಿದವು. ಪುರುಡು ಕಳೆಯಲಿ, ಒಳ್ಳೆಯ ವಾರ ಬರಲಿ ಎಂದು ಮೊದಲನೆಯದನ್ನು ಮುಂದಕ್ಕೆ ಹಾಕುವ ಅಜ್ಜಿಯರಿಗೆ ಒಂದು ಮಾತು: ಆ ಒಂದು ದಿನದೊಳಗೆ ಹಾಕಿದ ಲಸಿಕೆಗೂ ಹತ್ತು ದಿನ ಕಳೆದು ಹಾಕಿದ ಲಸಿಕೆಗೂ ಇರುವ ಅಂತರವೇ ಈ ಲೇಖನದ ಬಹುಭಾಗಕ್ಕೆ ಕಾರಣ. ಮೊಲೆಹಾಲನ್ನು ನಿಲ್ಲಿಸಬೇಕಾಗಿಲ್ಲ.

ಮದುವೆಯ ಮಾತು ಬಂದಾಗ ಜಾತಕಗಳನ್ನು ಕೂಡಿಸಿ ನೋಡುವವರು ರಕ್ತದ ಚೀಟಿಯನ್ನೂ ಕೂಡಿಸಿ ನೋಡಿದರೆ ಜ್ಯೋತಿಷ್ಯರು ಮುನಿಯಲಾರರು. ಒಬ್ಬರಿಗೆ ಸೋಂಕಿದ್ದ ಮಾತ್ರಕ್ಕೆ ಸಂಬಂಧವನ್ನು ಮುರಿಯಬೇಕೆಂದಲ್ಲ. ಇನ್ನೊಬ್ಬರಿಗೆ ಲಸಿಕೆಯ ಮೂರು ಸರದಿಗಳನ್ನೂ ಮುಗಿಸಿ, ಒಂದೆರಡು ತಿಂಗಳ ಮೇಲೆ ಪ್ರತಿಕಾಯವು ಲೀಟರಿಗೆ ಹತ್ತು ಅಂತರರಾಷ್ಟ್ರೀಯ ಘಟಕಕ್ಕಿಂತ ಹೆಚ್ಚಾಗಿದೆಯೆಂದು ನೋಡಿಸಿಕೊಂಡರೆ ಸಂಸಾರವು ಸುಖವಾಗಿ ನಡೆಯುತ್ತದೆ. ವಯಸ್ಸಾದ ಮೇಲೆ ಲಸಿಕೆ ಪಡೆದವರಲ್ಲಿ ನೂರಕ್ಕೆ ಐದರಿಂದ ಹತ್ತು ಮಂದಿಗೆ ಅದು ಹತ್ತುವುದಿಲ್ಲವಾದುದರಿಂದ ಈ ಪರೀಕ್ಷೆಯು ವ್ಯರ್ಥವಲ್ಲ. ಆದರೆ ಇಂಥ ಮನೆಯವರು, 'ನನಗೆ ಲಸಿಕೆಯಾಗಿದೆಯಲ್ಲ' ಎಂದುಕೊಂಡು, ಸಂಗಾತಿಗೆ ಸೋಂಕಿರುವ ಸಂಗತಿಯನ್ನು ರಕ್ತನಿಧಿಯ ವೈದ್ಯರಿಗೆ ಹೇಳದೆ ರಕ್ತವನ್ನು ಕೊಡಬಾರದು. ಅಲ್ಲಿ ಕೇಳುವ ಪ್ರಶ್ನೆಗಳು ಕೆಲವರಿಗೆ ಮುಜುಗರವೆನಿಸುತ್ತವೆ. ಯಂತ್ರಕ್ಕೆ ಕಾಣದ ಸಂಗತಿಯು ಹಲವು ವೇಳೆ ಆ ಪ್ರಶ್ನೆಗಳಿಂದಲೇ ಹೊರಬೀಳುವುದು. ನಂಟರಿಗೆ ಶಸ್ತ್ರಚಿಕಿತ್ಸೆಯಾಗುವಾಗ ಮನೆಯವರನ್ನೇ ಹಿಡಿದು ರಕ್ತ ಕೊಡಿಸುವ ಪದ್ಧತಿಯಲ್ಲಿ ಈ ಸತ್ಯವು ಮುಚ್ಚಿಹೋಗುವ ಅಪಾಯವುಂಟು, ಯಾತಕ್ಕೆಂದರೆ ಹತ್ತು ಜನರೆದುರಿಗೆ ಹಿಂಜರಿಯುವುದು ಕಷ್ಟ. ಹಣಕ್ಕಾಗಿ ರಕ್ತವನ್ನು ಮಾರುವುದನ್ನು ಸುಪ್ರೀಂ ಕೋರ್ಟಿನ ೧೯೯೬ರ ತೀರ್ಪಿನಂತೆ ೧೯೯೮ರ ಜನವರಿ ಮೊದಲ ತಾರೀಖಿನಿಂದ ನಿಲ್ಲಿಸಿದ್ದು ಬಹಳ ಒಳ್ಳೆಯದಾಯಿತು. ಮುಲಾಜಿಗಾಗಿ ಕೊಡುವುದೂ ಕಡಮೆಯಾಗಬೇಕು.

ರಕ್ತವನ್ನು ಕೊಟ್ಟ ಮೇಲೆ ರಕ್ತನಿಧಿಯಿಂದ ಮತ್ತೊಮ್ಮೆ ಬರಹೇಳಿ ಕರೆ ಬಂದರೆ ಹೋಗದೆ ಇರಬಾರದು. ಸೋಂಕು ಕಂಡವರೊಡನೆ ಕೂಡಿ ಉಣ್ಣುವುದರಿಂದ, ಒಂದೇ ತಟ್ಟೆ ಲೋಟಗಳಿಂದ, ಮಗುವನ್ನು ಎತ್ತಿ ಮುದ್ದಿಸುವುದರಿಂದ ಈ ರೋಗವು ಬರುವುದಿಲ್ಲ. ಕ್ಷೌರದ ಕತ್ತಿ, ಹಲ್ಲುಜ್ಜುವ ಕುಂಚ, ಉಗುರು ತೆಗೆಯುವ ಸಾಧನ ಇವು ಬೇರೆಯಾಗಿರಲಿ. ಜಾತ್ರೆಗಳಲ್ಲಿ ಹಚ್ಚೆ ಹಾಕುವವರ ಸೂಜಿಯನ್ನು ನಂಬುವಂತಿಲ್ಲ. ಅರ್ಬುದಕ್ಕೋ ಸಂಧಿವಾತಕ್ಕೋ ರೋಗನಿರೋಧ ಶಕ್ತಿಯನ್ನು ತಗ್ಗಿಸುವ ಔಷಧವನ್ನು ಆರಂಭಿಸುವ ಮುಂಚೆ, ಕವಚದ ಪರೀಕ್ಷೆಯೊಡನೆ ತಿರುಳಿನ ಪ್ರತಿಕಾಯದ ಪರೀಕ್ಷೆಯನ್ನೂ ಮಾಡಿಸಿರೆಂದು ವೈದ್ಯರನ್ನು ಕೇಳಿಕೊಳ್ಳಬೇಕು. ಅಡಗಿದ ಸೋಂಕು ಅಂಥ ಸಮಯದಲ್ಲಿ ಎದ್ದು ಕುಳಿತು ಪ್ರಾಣಕ್ಕೇ ಸಂಚಕಾರ ತರುವುದುಂಟು.

ಲಸಿಕೆಯನ್ನು ಹಾಕಿಸಿಕೊಂಡವರು ರಕ್ತವನ್ನು ಕೊಡಬಹುದೇ ಎಂದು ಕೇಳುವವರು ಬಹಳ ಮಂದಿ. ಧಾರಾಳವಾಗಿ ಕೊಡಬಹುದು. ಆದರೆ ಲಸಿಕೆ ಹಾಕಿಸಿಕೊಂಡ ಒಡನೆಯೇ ಹೋಗಬಾರದು. ಲಸಿಕೆಯಲ್ಲಿರುವ ಕವಚವೇ ಎರಡು ಮೂರು ವಾರಗಳ ಕಾಲ ರಕ್ತದಲ್ಲಿ ಸುಳಿದಾಡಿ, ರೋಗವಿಲ್ಲದವನನ್ನು ರೋಗಿಯೆಂದು ಪರೀಕ್ಷೆಯಲ್ಲಿ ತೋರಿಸಿಬಿಡಬಹುದು. ಲಸಿಕೆ ಬಿದ್ದ ತಾರೀಖನ್ನು ರಕ್ತನಿಧಿಯವರಿಗೆ ತಿಳಿಸಿ, ಅವರು ಹೇಳಿದಷ್ಟು ದಿವಸ ಕಾದು ಹೋದರಾಯಿತು.